ಹೆಲ್ಪಮ್ಮನ ಮೂರನೇ ಹೆಜ್ಜೆ

ಮೇಲಿನ ಕೋಣೆ ಬಾಡಿಗೆಗೆ ಕೇಳಲು ಅವಳು ಬಂದ ದಿನ ನಾನು ಮೆಟ್ಟಿಲು ತೊಳೆಯುತ್ತಿದ್ದೆ. ಗೇಟಿನ ಹೊರಗೇ ನಿಂತು, "ಅಮ್ಮಾ, ಈಗಲೇ ಹತ್ತಬಹುದಾ, ಒಣಗೋವರೆಗೆ ಕಾಯಲಾ?" ಎಂದು ಕೇಳಿದಳು. ಹತ್ತು ಎಂದೆ. ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು. ಕೋಣೆ ನೋಡಿದಳು, ಕಿಟಕಿಯ ಚಿಲಕ ಹಾಕಿ ತೆಗೆದು ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು. ಕೆಳಗೆ ಬಂದು, "ನಿಮ್ಮ ನಲ್ಲಿ ಉಲ್ಟಾ ತಿರುಗುತ್ತೆ, ಗೊತ್ತಾ?" ಎಂದಳು. ನನಗೆ ಗೊತ್ತಿತ್ತು. ಅಷ್ಟು ವರ್ಷ ಬಂದುಹೋದ ಬಾಡಿಗೆಯವರು ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ಏನು ಕೆಲಸ ನಿನ್ನದು?" ಎಂದು ಕೇಳಿದೆ.

"ಹೆಲ್ಪ್ ಬರೀತೀನಿ."

"ಯಾರಿಗೆ ಸಹಾಯ ಮಾಡ್ತೀಯ?"

"ಮಾಡಲ್ಲ ಅಮ್ಮ, ಬರೀತೀನಿ ಅಷ್ಟೆ. ಮಾಡ್ಕೊಳ್ಳೋರು ಅವರೇ ಮಾಡ್ಕೋಬೇಕು."

ಆಮೇಲೆ ಬಿಡಿಸಿ ಹೇಳಿದಳು. ಆಸ್ಪತ್ರೆಗೆ ಬೇಕಾದ ಯಂತ್ರ ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ. ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಪ್ರಶ್ನೆ ಗುರುತು ಇರುತ್ತದೆ, ಅದನ್ನು ಒತ್ತಿದರೆ ಮೂಡುವ ಬರಹ ಅವಳದು. ವಾರದಲ್ಲಿ ಒಂದು ದಿನ ಆಫೀಸಿಗೆ ಹೋಗಬೇಕು, ಉಳಿದ ದಿನ ಕೋಣೆಯಲ್ಲೇ ಕೂತು ಬರೆಯುವುದು.

"ಅದನ್ನ ಯಾರಾದ್ರೂ ಒತ್ತುತ್ತಾರಾ?" ಎಂದೆ.

"ಬೇರೆ ದಾರಿ ಇಲ್ಲದೋರು ಒತ್ತುತ್ತಾರೆ."

ಪಕ್ಕದ ಮನೆಯ ಇಸ್ತ್ರಿಯವಳು ಅವಳಿಗೆ ಹೆಲ್ಪಮ್ಮ ಎಂದು ಹೆಸರಿಟ್ಟಳು. ಬೀದಿಯಲ್ಲೆಲ್ಲ ಅದೇ ನಿಂತಿತು. ಕೆಟ್ಟ ಫೋನು, ಸದ್ದು ಮಾಡುವ ಫ್ಯಾನು ಎಲ್ಲ ಮೆಟ್ಟಿಲು ಹತ್ತಿ ಹೋಗಲು ಶುರುವಾದವು. ಒಂದು ದಿನ ಇಸ್ತ್ರಿಯವಳು ಗಂಡನನ್ನೇ ತೋಳು ಹಿಡಿದು ಕರೆತಂದು, "ಇವರು ಹೇಳಿದ್ದೊಂದೂ ಕೇಳಲ್ಲ, ಇದಕ್ಕೇನಾದ್ರೂ ಬರೆದುಕೊಡು" ಎಂದಳು. ಹೆಲ್ಪಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಹಳೇ ಮಾಡೆಲ್ಲು. ಇದಕ್ಕೆ ಬಿಡಿಭಾಗ ಸಿಗಲ್ಲ" ಎಂದಳು. ಅವನು ಕೂಡ ನಕ್ಕ.

ಹೆಲ್ಪಮ್ಮನ ಸ್ವಂತ ಗಂಡ ಬೇರೆ ಊರಿನಲ್ಲಿ ಬೇರೆ ಹೆಂಡತಿಯ ಜೊತೆ ಇದ್ದ. ನಾನು ಒಮ್ಮೆ ಮಾತು ತೆಗೆದಾಗ, "ಆ ಟಾಪಿಕ್ ತೆಗೆದು ಹಾಕಿದೀನಿ ಅಮ್ಮ, ಲಿಂಕುಗಳನ್ನೂ ಕತ್ತರಿಸಿದೀನಿ" ಎಂದಳು. ನನಗೆ ತಿಳಿಯಲಿಲ್ಲ. ಆಗ ತನ್ನ ಕೆಲಸದ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟಳು. ಟಾಪಿಕ್ ಎಂದರೆ ಒಂದು ಚೀಟಿ ಇದ್ದ ಹಾಗೆ, ಒಂದು ಚೀಟಿಯಲ್ಲಿ ಒಂದೇ ವಿಷಯ. ಲಿಂಕ್ ಎಂದರೆ ಒಂದು ಚೀಟಿಯಿಂದ ಇನ್ನೊಂದಕ್ಕೆ ಹೋಗುವ ದಾರಿ. ಎಲ್ಲ ಚೀಟಿಗಳನ್ನು ಸೇರಿಸಿ ಯಂತ್ರದೊಳಗೆ ಕೂರುವ ಪುಸ್ತಕ ಮಾಡಿದರೆ ಅದು ಬಿಲ್ಡ್. ಆ ಕೆಲಸಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಅದಕ್ಕೆ ಅವಳು 'ಕಟ್ಟೋನು' ಎನ್ನುತ್ತಿದ್ದಳು. "ನಾನು ಬರೆಯೋಳು, ಅವನು ಕಟ್ಟೋನು. ಇಬ್ಬರಲ್ಲಿ ಒಬ್ಬರು ಎಡವಿದರೂ ಓದೋರು ಬೀಳ್ತಾರೆ."

ಒಂದು ವಸ್ತುವಿಗೆ ಎರಡು ಹೆಸರು ಹೇಳಿದರೆ ಅವಳು ಸಹಿಸುತ್ತಿರಲಿಲ್ಲ. ನಾನು ಒಮ್ಮೆ ಪೈಪು ಎಂದು ಇನ್ನೊಮ್ಮೆ ಕೊಳವೆ ಎಂದರೆ, "ಎರಡು ಇವೆಯಾ ಅಮ್ಮ, ಒಂದೇನಾ?" ಎಂದು ಕೇಳುವಳು. ತಾನು ಬರೆದದ್ದನ್ನು ನನ್ನ ಕೈಲಿ ಓದಿಸುವಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಆಫೀಸಿನವರು ಕಣ್ಣು ಹಾಯಿಸಿ ಸರಿ ಎಂದುಬಿಡುತ್ತಾರೆ, ನಿಮ್ಮ ಹಾಗೆ ಓದುವವರು ಬೇಕು ಎನ್ನುವಳು. 'ಹಂತ' ಎಂದು ಬರೆದಿದ್ದಳು, ನಾನು ಅಲ್ಲಿ ನಿಂತೆ. 'ಹೆಜ್ಜೆ' ಎಂದು ಮಾಡಿದಳು. ಅದಕ್ಕಾಗಿ ಆಫೀಸಿನಲ್ಲಿ ಜಗಳವಾಡಿಕೊಂಡು ಬಂದಳಂತೆ.

ನನ್ನ ತಂಗಿಗೆ ಬೆನ್ನಿನಲ್ಲಿ ಗಡ್ಡೆಯಾಗಿ, ತೆಗೆಯಲು ಆಗುವುದಿಲ್ಲ, ನೋವಿಗೆ ಮಾತ್ರ ಔಷಧಿ ಎಂದು ವೈದ್ಯರು ಹೇಳಿದ ಮೇಲೆ ಅವಳನ್ನು ನಮ್ಮ ಮನೆಗೆ ಕರೆತಂದೆವು. ಜೊತೆಗೆ ನೋವಿನ ಔಷಧಿ ಬಿಡುವ ಒಂದು ಯಂತ್ರವೂ ಬಂತು. ಔಷಧಿಯ ಚೀಲದಿಂದ ಸಣ್ಣ ನಳಿಕೆ ಇಳಿದು ಯಂತ್ರದೊಳಗೆ ಹೋಗಿ, ಅಲ್ಲಿಂದ ತಂಗಿಯ ತೋಳಿಗೆ. ಯಂತ್ರ ಲೆಕ್ಕ ಹಾಕಿ ಹನಿಹನಿಯಾಗಿ ಬಿಡುತ್ತದೆ. ಮನೆಗಳಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಲು ಅದನ್ನು ಮಾಡಿದ ಕಂಪನಿ ಇಂಥವನ್ನು ಹತ್ತು ಹನ್ನೆರಡು ಮನೆಗೆ ಕೊಟ್ಟಿತ್ತು. ಮೊದಲ ಚೀಲವನ್ನು ನರ್ಸ್ ಬಂದು ಹಾಕಿದಳು. ಹೋಗುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಹನಿಯಾಗಿ ಹೋದರೆ ಔಷಧಿ. ಒಂದೇ ಸಲ ಹೋದರೆ ಉಸಿರು ನಿಲ್ಲುತ್ತೆ. ಚೀಲ ಬದಲಿಸೋವಾಗ ಗಾಬರಿ ಮಾಡ್ಕೋಬೇಡಿ" ಎಂದಳು. ಆಸ್ಪತ್ರೆಯಲ್ಲಿ ಅವಳು ತೋರಿಸಿಕೊಟ್ಟ ಕ್ರಮ ಅಷ್ಟು ಹೊತ್ತಿಗೆ ನನ್ನ ತಲೆಯಿಂದ ಹೋಗಿತ್ತು.

ಹೆಲ್ಪಮ್ಮ ಕೆಳಗೆ ಬಂದು ಯಂತ್ರ ನೋಡಿದಳು. "ಇದರ ಹೆಲ್ಪು ನನ್ನದೇ."

"ಹಾಗಾದ್ರೆ ಇನ್ನು ಭಯ ಇಲ್ಲ" ಎಂದೆ.

ಅವಳು ನಗಲಿಲ್ಲ. "ಓದಿ ಮಾಡಿ ಅಮ್ಮ. ಗೊತ್ತಿದೆ ಅಂತ ಮಾಡಬೇಡಿ."

ಮಾರನೆಯ ದಿನ ಮಧ್ಯಾಹ್ನ ಯಂತ್ರ ಕೂಗಿತು. ಚೀಲದಲ್ಲಿ ತಳಕ್ಕೆ ಸ್ವಲ್ಪ ಉಳಿದಿತ್ತು. ನಾನೇ ಬದಲಿಸುವುದು ಅದೇ ಮೊದಲು. ಹೆಲ್ಪಮ್ಮ ಚಹಾದ ಲೋಟ ಹಿಡಿದು ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು.

"ನಾನಿಲ್ಲ ಅಂದ್ಕೊಳ್ಳಿ. ನಾನು ಬಾಯಿ ಬಿಟ್ಟರೆ ನನ್ನ ಬರಹ ಕೆಲಸ ಮಾಡುತ್ತೋ ಇಲ್ವೋ ತಿಳಿಯಲ್ಲ. ಬೆಳಗ್ಗೆಯಷ್ಟೇ ಹೊಸ ಬಿಲ್ಡ್ ಕಳಿಸಿದೀನಿ. ಯಂತ್ರದೊಳಗೆ ಸಿಮ್ ಇದೆ, ತಾನಾಗೇ ಬಂದು ಕೂತಿರುತ್ತೆ."

ಕನ್ನಡಕ ಹಾಕಿಕೊಂಡು ಪ್ರಶ್ನೆ ಗುರುತು ಒತ್ತಿದೆ. ಜೋರಾಗಿ ಓದಿದೆ. "ಒಂದು. 'ನಿಲ್ಲಿಸು' ಗುಂಡಿ ಒತ್ತಿ." ಒತ್ತಿದೆ. "ಎರಡು. ಕೆಂಪು ದೀಪ ಬರುವವರೆಗೆ ಕಾಯಿರಿ." ಕಾದೆ.

ತಂಗಿ ಮಲಗಿದ್ದಲ್ಲಿಂದಲೇ, "ಅಕ್ಕ ಓದಿ ಮುಗಿಸೋಷ್ಟರಲ್ಲಿ ನನಗೆ ವಾಸಿ ಆಗಿರುತ್ತೆ ಬಿಡು" ಎಂದಳು.

"ಸುಮ್ನಿರೇ." ಕೆಂಪು ದೀಪ ಬಂತು. "ಮೂರು. ಯಂತ್ರದ ಬಾಗಿಲು ತೆರೆದು ನಳಿಕೆಯನ್ನು ಹೊರಗೆ ತೆಗೆಯಿರಿ."

ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ.

"ಇನ್ನೊಂದ್ಸಲ ಓದಿ" ಎಂದಳು ಹೆಲ್ಪಮ್ಮ.

"ನೀನಿಲ್ಲ ಅಂದಿದ್ದೆ?"

"ಓದಿ ಅಮ್ಮ."

"ಮೂರು. ಯಂತ್ರದ ಬಾಗಿಲು..."

ಲೋಟ ಕೆಳಗಿಟ್ಟದ್ದು ನನಗೆ ಕೇಳಿಸಲಿಲ್ಲ. ಅವಳ ಕೈ ಬಂದು ನನ್ನ ಕೈಯ ಮೇಲೆ ಕೂತಿತು. "ತೆಗೀಬೇಡಿ. ಕೈ ಹಾಗೇ ಇರಲಿ, ಅಲ್ಲಾಡಿಸಬೇಡಿ." ಇನ್ನೊಂದು ಕೈಯಿಂದ ನಳಿಕೆಯನ್ನು ಹುಡುಕಿಕೊಂಡು ಹೋಗಿ, ಅದರ ಮೇಲಿದ್ದ ನೀಲಿ ಕ್ಲಿಪ್ಪನ್ನು ಕಟಕ್ ಎಂದು ಒತ್ತಿದಳು. ಆ ಕ್ಲಿಪ್ಪಿನ ಕಡೆ ನಾನು ನೋಡಿಯೇ ಇರಲಿಲ್ಲ. ಆಮೇಲೆ ಅವಳು ಬಾಯಲ್ಲಿ ಹೇಳುತ್ತಾ ಹೋದಳು, ನಾನು ಮಾಡಿದೆ. ಬಾಗಿಲು ತೆರೆದು, ಹೊಸ ಚೀಲ ಸಿಕ್ಕಿಸಿ, ನಳಿಕೆಯನ್ನು ಯಂತ್ರದೊಳಗೆ ಕೂರಿಸಿ, ಬಾಗಿಲು ಹಾಕಿ, ಕೊನೆಗೆ ಕ್ಲಿಪ್ ಬಿಚ್ಚಿದೆವು. ಹಸಿರು ದೀಪ ಬಂತು. ಅವಳು ತಾನೇ ಪ್ರಶ್ನೆ ಗುರುತು ಒತ್ತಿ ಮೊದಲಿನಿಂದ ಓದಿದಳು.

"ಏನಾಯ್ತು?" ಎಂದೆ.

"ನಾನು ಬರೆದಿದ್ದ ಮೂರನೇ ಹೆಜ್ಜೆ ಇಲ್ಲ. 'ಬಾಗಿಲು ತೆರೆಯುವ ಮೊದಲು ನೀಲಿ ಕ್ಲಿಪ್ ಹಾಕಿ.' ಬಾಗಿಲು ತೆರೆದ ಮೇಲೆ ಔಷಧಿಯನ್ನ ತಡೆಯೋಕೆ ಆ ಕ್ಲಿಪ್ ಬಿಟ್ಟು ಇನ್ನೇನೂ ಇಲ್ಲ. ಅದಿಲ್ಲದೆ ತುಂಬಿದ ಚೀಲ ಸಿಕ್ಕಿಸಿದರೆ..." ತಂಗಿಯ ಕಡೆ ನೋಡಿ ಮಾತು ನಿಲ್ಲಿಸಿದಳು.

ತಂಗಿ, "ಹೇಳು ಪರವಾಗಿಲ್ಲ. ಹೋಗ್ತಿದ್ದೆ ತಾನೆ?" ಎಂದಳು.

ಹೆಲ್ಪಮ್ಮ ಮೆಟ್ಟಿಲು ಓಡಿ ಹತ್ತಿದಳು. ಇಸ್ತ್ರಿಯವಳನ್ನು ಕೂಗಿ ತಂಗಿಯ ಹತ್ತಿರ ಕೂರಿಸಿ ನಾನೂ ಹತ್ತಿದೆ. ಅವಳು ಕಂಪ್ಯೂಟರಿನಲ್ಲಿ ಆ ಚೀಟಿ ತೆರೆದಿದ್ದಳು. ಮೂರನೇ ಹೆಜ್ಜೆ ಅಲ್ಲೇ ಇತ್ತು, ಹಳದಿ ಬಣ್ಣದಲ್ಲಿ, ಪಕ್ಕದಲ್ಲಿ 'ನೋಡಬೇಕು' ಎಂಬ ಗುರುತು. ಅದು ಅವಳದೇ ಪದ್ಧತಿ. ಎಂಜಿನಿಯರು ನೋಡಿ ಹೂಂ ಎನ್ನದ ಸಾಲಿಗೆಲ್ಲ ಆ ಗುರುತು ಹಾಕುವಳು. ಮೊದಲು ಬಿಳಿ ಕ್ಲಿಪ್ ಇತ್ತು, ಹೊಸ ಯಂತ್ರದಲ್ಲಿ ನೀಲಿ ಎಂದು ಯಾರೋ ಹೇಳಿದ್ದರು. ಹೌದೇ ಎಂದು ಕೇಳಿ ಕಳಿಸಿದ್ದಳು, ಉತ್ತರ ಬಂದಿರಲಿಲ್ಲ. ಹಾಗಾಗಿ ಕ್ಲಿಪ್ಪಿನ ಮಾತು ಬಂದ ಕಡೆಯೆಲ್ಲ ಗುರುತು ಬಿದ್ದಿತ್ತು.

"ಬಣ್ಣ ತಪ್ಪಾದರೂ ಹೆಜ್ಜೆ ಇರಲಿ ಅಂತ, ಗುರುತು ಇದ್ದದ್ದನ್ನೂ ಸೇರಿಸಿ ಕಟ್ಟು ಅಂದಿದ್ದೆ ಅಮ್ಮ. ಟಿಕ್ ಹಾಕಿದ್ದೆ. ನೋಡಿ, ಟಿಕ್ ಇದೆ."

ಅವಳ ಬೆರಳು ತೋರಿಸಿದ ಕಡೆ ಟಿಕ್ ಇತ್ತು. ಅದರ ಪಕ್ಕದ ಬರಹವನ್ನು ಅವಳು ಆಗ ಓದಿದಳು. ಓದಿ ಕೈ ಕೆಳಗಿಳಿಸಿದಳು.

ಕಟ್ಟೋನನ್ನು ಕಂಪನಿಯವರು ಹಿಂದಿನ ವಾರ ಬದಲಿಸಿ ಹೊಸ ಆವೃತ್ತಿ ಹಾಕಿಸಿದ್ದರು. ಹಳೆಯದರಲ್ಲಿ ಟಿಕ್ ಹಾಕುವ ಆ ಪೆಟ್ಟಿಗೆಯ ಪಕ್ಕ 'ಗುರುತಿರುವುದನ್ನು ಸೇರಿಸು' ಎಂದಿತ್ತು. ಹೊಸದರಲ್ಲಿ, ಅದೇ ಜಾಗದಲ್ಲಿ, ಅದೇ ಪೆಟ್ಟಿಗೆಗೆ, 'ಗುರುತಿರುವುದನ್ನು ಹೊರಗಿಡು' ಎಂದಿತ್ತು. ಅವಳ ಕೈ ಹಳೆಯ ರೂಢಿಯಂತೆ ಹೋಗಿ ಟಿಕ್ ಹಾಕಿತ್ತು. ಹೆಜ್ಜೆಗಳ ಅಂಕಿಯನ್ನು ಕಟ್ಟೋನೇ ಹಾಕುತ್ತಾನೆ. ಮೂರನೆಯದು ಹೊರಗೆ ಹೋದಾಗ ನಾಲ್ಕನೆಯದು ಮೂರಾಗಿ ಕೂತಿತು. ನೋಡಿದವರಿಗೆ ಹಲ್ಲು ಬಿದ್ದ ಜಾಗವೂ ಕಾಣಲಿಲ್ಲ.

"ಉಳಿದ ಮನೆಯವರದ್ದು?" ಎಂದು ಕೇಳಿದೆ.

"ಎಲ್ಲರಿಗೂ ಹೋಗಿದೆ. ಅವರದ್ದೆಲ್ಲ ಸಂಜೆ ಹಾಕೋ ಚೀಲ, ಮುಗಿಯೋದು ಇವತ್ತು ಆರರ ಸುಮಾರಿಗೆ."

ಗಡಿಯಾರ ನೋಡಿದೆವು. ಮೂರೂಕಾಲು.

ಟಿಕ್ ತೆಗೆದು ಮತ್ತೆ ಕಟ್ಟಿಸಿದಳು. ಆದರೆ ಮನೆಗಳಿಗೆ ಕಳಿಸುವುದು ಅವಳೊಬ್ಬಳ ಕೈಯಲ್ಲಿರಲಿಲ್ಲ, ಪ್ರತಿ ಸಲವೂ ಮ್ಯಾನೇಜರ್ ಒಪ್ಪಿಗೆ ಕೊಡಬೇಕು. ಫೋನನ್ನು ಮೇಜಿನ ಮೇಲಿಟ್ಟು ಅವರ ಜೊತೆ ಮಾತಾಡಿದಳು. ನನಗೂ ಕೇಳುತ್ತಿತ್ತು.

"ನೋಡಮ್ಮಾ, ಒಂದೇ ದಿನ ಎರಡು ಸಲ ಕಳಿಸಿದರೆ ಆಸ್ಪತ್ರೆಯವರು ಯಾಕೆ ಅಂತ ಕೇಳ್ತಾರೆ. ನಾಳೆ ಬೆಳಗ್ಗೆ ಬೇರೆ ತಿದ್ದುಪಡಿ ಜೊತೆ ಹೋಗಲಿ."

"ಸಾರ್, ಚೀಲ ಬದಲಿಸೋದು ಇವತ್ತು ಸಂಜೆ."

"ನರ್ಸುಗಳು ಹೇಳಿಕೊಟ್ಟಿರ್ತಾರಲ್ಲ."

"ಅದು ಸಾಕಾಗಿದ್ದರೆ ನನ್ನನ್ನ ಯಾಕೆ ಸಾರ್ ಇಟ್ಕೊಂಡಿದ್ದೀರಿ?"

"ನಾನು ಮೇಲಿನವರನ್ನ ಕೇಳಬೇಕು. ಅವರು ಮೀಟಿಂಗಲ್ಲಿದ್ದಾರೆ. ಅಲ್ಲಿಯವರೆಗೆ ಯಾವ ಮನೆಗೂ ನೀವು ಫೋನ್ ಮಾಡಕೂಡದು. ಜನ ಹೆದರ್ತಾರೆ. ಮಾಡಿದರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ, ಹೇಳಿದೀನಿ."

ಫೋನ್ ಇಟ್ಟಳು. ಕುರ್ಚಿಯಲ್ಲಿ ಹಾಗೇ ಕೂತಳು. ನಾನು ಲೋಟದಲ್ಲಿ ನೀರು ತಂದಿಟ್ಟೆ. ಬರಹ ಅರ್ಥವಾಗುತ್ತದಾ ಎಂದು ಕೇಳಲು ಅವಳು ಆ ಮನೆಗಳಿಗೆ ಮೊದಲೂ ಫೋನ್ ಮಾಡಿದ್ದಳು, ನಂಬರುಗಳು ಅವಳ ಹತ್ತಿರವೇ ಇದ್ದವು. ನೀರು ಕುಡಿದು ಮೊದಲನೆಯದನ್ನು ಒತ್ತಿದಳು.

ಎಲ್ಲರಿಗೂ ಹೇಳಿದ್ದು ಒಂದೇ ಮಾತು. "ಇವತ್ತು ಬಂದ ಹೆಲ್ಪಿನಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ತಪ್ಪು ನನ್ನದು. ಯಂತ್ರದ ಬಾಗಿಲು ತೆರೆಯೋ ಮೊದಲು ನಳಿಕೆಯ ಕ್ಲಿಪ್ ಹಾಕಿ. ಈಗ ನಾನು ಹೇಳಿದ್ದನ್ನ ನೀವು ನನಗೆ ತಿರುಗಿ ಹೇಳಿ." ಅವರು ಹೇಳುವವರೆಗೆ ಬಿಡುತ್ತಿರಲಿಲ್ಲ. ಒಬ್ಬರು ಬೈದರು. ಒಬ್ಬರು ಅತ್ತರು. ಒಬ್ಬಾಕೆ, "ಅಯ್ಯೋ, ಹೊಸದು ಚಿಕ್ಕದಾಗಿ ಚೊಕ್ಕವಾಗಿದೆ ಅಂತ ನಮ್ಮತ್ತೆಗೆ ಈಗ ತಾನೆ ಹೇಳ್ತಿದ್ದೆ" ಎಂದಳು. ಹೆಲ್ಪಮ್ಮ ಕಣ್ಣು ಮುಚ್ಚಿಕೊಂಡು, "ತಿರುಗಿ ಹೇಳಿ" ಎಂದಳು.

ಒಂದು ಮನೆ ಮಾತ್ರ ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದಳು. ಮಾರುಕಟ್ಟೆಯ ಹಿಂದಿನ ಬೀದಿಯ ದರ್ಜಿ, ಕಾಯಿಲೆ ಅವನ ಹೆಂಡತಿಗೆ. ಆ ದರ್ಜಿಯನ್ನು ನಾನು ಬಲ್ಲೆ. "ಅವನ ಹೊಲಿಗೆ ಯಂತ್ರದ ಸದ್ದಿಗೆ ಅವನಿಗೆ ಸಿಡಿಲೂ ಕೇಳಲ್ಲ" ಎಂದೆ. ಐದೂವರೆ ದಾಟಿತ್ತು. ಅವಳಿಗೆ ಆ ಕಡೆಯ ಗಲ್ಲಿಗಳು ಗೊತ್ತಿರಲಿಲ್ಲ, ನಾನು ಚಪ್ಪಲಿ ಮೆಟ್ಟಿಕೊಂಡೆ.

ಬಸ್ಸಿಗೆ ನಿಂತೆವು, ಬರಲಿಲ್ಲ, ನಡೆದೆವು. ನಾನು ಓಡಲಾರೆ. "ನೀನು ಮುಂದೆ ಹೋಗು" ಎಂದರೆ, "ದಾರಿ ತಪ್ಪಿದರೆ ಅಮ್ಮ?" ಎನ್ನುವಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಲ್ಲುವಳು. ಅವಳ ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ದರ್ಜಿಯೇನೋ ಎಂದು ತೆಗೆದು ನೋಡಿದಳು, ಮ್ಯಾನೇಜರ್. ಎತ್ತಲಿಲ್ಲ.

ದರ್ಜಿಯ ಅಂಗಡಿಯಲ್ಲಿ ದೀಪ ಹಾಕಿತ್ತು, ಹೊಲಿಗೆ ಯಂತ್ರದ ಮುಂದೆ ಯಾರೂ ಇರಲಿಲ್ಲ. ಅವನ ಫೋನು ಬಟ್ಟೆಯ ರಾಶಿಯ ಕೆಳಗೆ ಮಿನುಗುತ್ತಿತ್ತು. ಹೆಲ್ಪಮ್ಮ ಪರದೆ ಸರಿಸಿ ಒಳಗೆ ನುಗ್ಗಿದಳು. ಅವನು ಮಂಚದ ಪಕ್ಕ ನಿಂತಿದ್ದ, ಕೈಯಲ್ಲಿ ತುಂಬಿದ ಚೀಲ. ಯಂತ್ರದ ಬಾಗಿಲು ತೆರೆದಿತ್ತು. ನಳಿಕೆ ಹೊರಗೆ ಇಳಿಬಿದ್ದು ಹೊದಿಕೆಯ ಹಿಂದೆ ಹೋಗಿತ್ತು. ಕ್ಲಿಪ್ ಎಲ್ಲಿದೆ ಎಂದು ನಮಗೆ ಕಾಣುತ್ತಿರಲಿಲ್ಲ.

"ಸಿಕ್ಕಿಸಬೇಡಿ" ಎಂದಳು.

"ಯಾರು ನೀವು? ಅಕ್ಕಾ, ಯಾರಿವರು?" ಅವನು ನನ್ನ ಕಡೆ ನೋಡಿದ.

"ಕ್ಲಿಪ್ ಹಾಕಿದ್ದೀರಾ?"

ಅವನು ಹೊದಿಕೆ ಎತ್ತಿ ತೋರಿಸಿದ. ನೀಲಿ ಕ್ಲಿಪ್ ನಳಿಕೆಯನ್ನು ಕಚ್ಚಿ ಹಿಡಿದಿತ್ತು. "ಹಾಕದೆ ಏನು ತಾಯಿ? ನರ್ಸ್ ಹೇಳಿಲ್ವಾ ಮೊದಲನೇ ದಿನಾನೇ?"

"ಹೆಲ್ಪ್ ನೋಡಲಿಲ್ವಾ?"

"ಯಾವುದು, ಆ ಪ್ರಶ್ನೆ ಗುರುತಾ? ಅದನ್ನ ನಾನು ಮುಟ್ಟೇ ಇಲ್ಲ. ಮುಟ್ಟಿದ್ರೆ ಏನಾದ್ರೂ ಕೆಡುತ್ತೆ."

ಮಂಚದಿಂದ ಅವನ ಹೆಂಡತಿ ಸಣ್ಣ ದನಿಯಲ್ಲಿ, "ಇವರು ಏನನ್ನೂ ಓದಲ್ಲಮ್ಮ. ತಾವೇ ಬರೆದುಕೊಂಡ ಅಳತೇನೂ ಓದಲ್ಲ. ಅದಕ್ಕೇ ಎಲ್ಲರ ಅಂಗಿ ಬಿಗಿ" ಎಂದಳು.

ಹೆಲ್ಪಮ್ಮ ಕತ್ತರಿಸಿಟ್ಟ ಬಟ್ಟೆಯ ಮೇಲೆ ಹಾಗೇ ಕೂತುಬಿಟ್ಟಳು. ದರ್ಜಿ, "ಅದು ಗಿರಾಕಿಯದ್ದು, ಸುಕ್ಕಾಗುತ್ತೆ" ಎಂದ. ಅವಳು ಏಳಲಿಲ್ಲ. ಬರುವಾಗ ದಾರಿಯಲ್ಲಿ, "ಹೆಲ್ಪ್ ಓದದೇ ಇರೋರನ್ನ ಕಂಡು ಕೈ ಮುಗಿಯಬೇಕು ಅನ್ನಿಸಿದ್ದು ಇದೇ ಮೊದಲು ಅಮ್ಮ" ಎಂದಳು. ನಗುತ್ತಿದ್ದಾಳೆ ಎಂದುಕೊಂಡೆ. ದೀಪದ ಕಂಬದ ಹತ್ತಿರ ಬಂದಾಗ ನೋಡಿದರೆ ಅಲ್ಲ.

ಯಾವ ಮನೆಯಲ್ಲೂ ಏನೂ ಆಗಲಿಲ್ಲ. ತಿದ್ದಿದ ಹೆಲ್ಪು ಮಾರನೆಯ ಬೆಳಗ್ಗೆ ಎಲ್ಲ ಯಂತ್ರಗಳಿಗೂ ಬಂತು. ಅದೇ ದಿನ ಅವಳನ್ನು ಆಫೀಸಿಗೆ ಕರೆಸಿದರು. ಅಲ್ಲಿ ನಡೆದದ್ದನ್ನು ನಾನು ಅವಳ ಬಾಯಿಂದ ಕೇಳಿದ್ದು. ಬೇಡ ಎಂದರೂ ಫೋನ್ ಮಾಡಿದ್ದಕ್ಕೆ ಕೆಲಸದಿಂದ ತೆಗೆಯುತ್ತೇವೆ ಎಂದರಂತೆ. ಅಲ್ಲೇ ಒಬ್ಬರು, ತಪ್ಪೆಲ್ಲ ಆ ಸಾಫ್ಟ್‌ವೇರಿನವರದು ಎಂದು ಬರೆದುಕೊಡು, ನೋಡೋಣ ಎಂದರಂತೆ. ಅವಳು ಬರೆದುಕೊಡಲಿಲ್ಲ.

ನಾನು ಬೈದೆ. "ಪೆಟ್ಟಿಗೆಯ ಮಾತು ತಿರುಗಿಸಿದ್ದು ಅವರೇ ತಾನೆ? ಬರೆದುಕೊಟ್ಟಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

"ತಿರುಗಿಸಿದ್ದು ಅವರು. ಓದದೆ ಟಿಕ್ ಹಾಕಿದ್ದು ನಾನು. ಓದಿ, ಓದಿ ಅಂತ ಊರಿಗೆಲ್ಲ ಬರೆಯೋಳು."

ಕೆಲಸ ಹೋಯಿತು. ಮೇಲಿನ ಕೋಣೆಯಲ್ಲಿ ಸುಮ್ಮನೆ ಕೂರಲಾರದೆ ದಿನಾ ಕೆಳಗೆ ಬಂದು, ನಾನು ಚೀಲ ಬದಲಿಸುವಾಗ ಬಾಗಿಲ ಬಳಿ ಕೂರುತ್ತಿದ್ದಳು. ತಂಗಿ ಅವಳಿಗೆ, "ನನ್ನ ಪ್ರಾಣದ ಕಾವಲು ಬಂದಳು" ಎನ್ನುವಳು. ಆ ದಿನಗಳಲ್ಲಿ ಅವಳು ಕಟ್ಟೋನನ್ನು ಮಾಡಿದ ಕಂಪನಿಗೆ ಆ ಪೆಟ್ಟಿಗೆಯ ವಿಷಯ ಬರೆದು ಕಳಿಸಿದಳು. ಹಳೆಯದಕ್ಕೆ ರೂಢಿಯಾದ ಕೈಗಳು ಏನು ಮಾಡುತ್ತವೆ, ಯಾಕೆ ಮಾಡುತ್ತವೆ, ಎಲ್ಲ. ಅವರು ಬಹಳ ದಿನ ಸುಮ್ಮನಿದ್ದು ಆಮೇಲೆ ಕರೆದರು. ಆ ಸಾಫ್ಟ್‌ವೇರಿನೊಳಗಿನ ಗುಂಡಿ, ಪೆಟ್ಟಿಗೆ, ಆಜ್ಞೆ ಎಲ್ಲಕ್ಕೂ ಹೆಸರು ಗೊತ್ತುಮಾಡಲು ಒಬ್ಬರು ಬೇಕು, ಬರುತ್ತೀಯಾ ಎಂದು. ಊರು ದೂರ. ಒಪ್ಪಿಕೊಂಡಳು.

ಹೊರಟ ದಿನ ಸಾಮಾನೆಲ್ಲ ಗಾಡಿಗೆ ಹಾಕಿಯಾಗಿತ್ತು, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ತಂಗಿಯ ತಲೆ ಸವರಿ, ನನ್ನ ಹತ್ತಿರ ಬಂದಳು. ಹುಷಾರು ಎಂದೋ, ಬರುತ್ತೇನೆ ಎಂದೋ ಹೇಳುತ್ತಾಳೆ ಎಂದುಕೊಂಡೆ. ಅವಳು ಫೋನು ತೆಗೆದು ನನ್ನ ಮುಂದೆ ಹಿಡಿದಳು. ಆ ಪೆಟ್ಟಿಗೆಯ ಪಕ್ಕ ಹಾಕಲು ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದಳು. ಮೇಲೆ, 'ಗುರುತಿರುವುದನ್ನು ಹೊರಗಿಡು.' ಕೆಳಗೆ, 'ಗುರುತಿರುವ ಹೆಜ್ಜೆಗಳು ಓದುವವರಿಗೆ ಕಾಣುವುದಿಲ್ಲ.' ಕನ್ನಡಕ ತರಲು ನಾನು ಒಳಗೆ ಹೋಗಿ ಬರುವವರೆಗೂ ಅವಳು ಹಾಗೇ ಹಿಡಿದುಕೊಂಡು ನಿಂತಿದ್ದಳು. ಎರಡನ್ನೂ ಅಕ್ಷರ ಕೂಡಿಸಿ ಓದಿ ಮುಗಿಸಿದೆ.

ಆಗ ಕೇಳಿದಳು. "ಅಮ್ಮಾ, ಟಿಕ್ ಹಾಕೋಕೆ ಕೈ ಆಗಲೇ ಮುಂದೆ ಹೋಗಿದೆ ಅಂದ್ಕೊಳ್ಳಿ. ಈ ಎರಡರಲ್ಲಿ ಯಾವುದನ್ನ ಓದಿದರೆ ನಿಮ್ಮ ಕೈ ನಿಲ್ಲುತ್ತೆ?"